ಆರರಲ್ಲಿ ನಾಲ್ಕು

“ಏಯ್, ಆ ಗ್ರೀಸ್ ಕೈಯಲ್ಲಿ ಮೈಕ್ ಮುಟ್ಟಬೇಡ ಕಣಯ್ಯಾ. ಎಂಟನೇ ಕ್ಲಾಸ್ ಫೇಲಾದೋನ ಹತ್ರ ಪಾಠ ಹೇಳಿಸ್ಕೊಳ್ಳೋ ಗತಿ ನಮ್ಮ ಮಕ್ಕಳಿಗೆ ಇನ್ನೂ ಬಂದಿಲ್ಲ.”

ಅಮೃತೇಶ್ ಇದನ್ನು ಹೇಳಿದ್ದು ಮೈಕಿನಲ್ಲೇ. ನಂಜನಗೂಡಿನ ಆ ಖಾಸಗಿ ಪಾಲಿಟೆಕ್ನಿಕ್ಕಿನ ಸೆಮಿನಾರ್ ಹಾಲಿನಲ್ಲಿ ಕಂಪ್ಯೂಟರ್ ವಿಭಾಗದ ಕೊನೆಯ ವರ್ಷದ ಅರವತ್ತು ಮಂದಿ ಕೂತಿದ್ದರು. ಅಮೃತೇಶ್ ಆ ವಿಭಾಗದ ಮುಖ್ಯಸ್ಥ. ಅವನ ಮಾತು ಮುಗಿದದ್ದೇ ಹಿಂದಿನ ಬೆಂಚಿನಿಂದ ಯಾರೋ ಕಿಸಕ್ಕೆಂದರು. ಆ ನಗೆ ಸಾಲಿನಿಂದ ಸಾಲಿಗೆ ಇಳಿದು ಮುಂದಿನ ಬೆಂಚಿಗೆ ಬರುವಷ್ಟರಲ್ಲಿ ಹಾಲಿಗೆ ಹಾಲೇ ನಗುತ್ತಿತ್ತು. ಮೈಕಿನತ್ತ ಚಾಚಿದ್ದ ಮಂಟೇಸ್ವಾಮಿಯ ಕೈ ಚಾಚಿದ ಹಾಗೇ ಇತ್ತು.

ಆ ಕೈಯನ್ನು ಅವನು ಬೆಳಿಗ್ಗೆ ಮೂರು ಸಲ ತೊಳೆದಿದ್ದ. ಸೋಪಿನ ಪುಡಿಗೆ ಮರದ ಹೊಟ್ಟು ಬೆರೆಸಿ, ಹಿಮ್ಮಡಿ ಉಜ್ಜುವ ಕಲ್ಲಿನಿಂದ ತಿಕ್ಕಿದ್ದ. ಉಗುರಿನ ಸಂದಿಯ ಕಪ್ಪು ಹೋಗಿರಲಿಲ್ಲ. ಹನ್ನೆರಡು ವರ್ಷ ಉಕ್ಕು ಕೊರೆಯುವ ಲೇತು ತಿರುಗಿಸಿದವನ ಉಗುರಿನ ಕಪ್ಪು ಒಂದು ಬೆಳಿಗ್ಗೆಗೆ ಹೋಗುತ್ತದೆಯೇ?

ಅದಕ್ಕಿಂತ ಉರಿದದ್ದು ಆ ‘ಫೇಲು’ ಎಂಬ ಮಾತು. ಮಂಟೇಸ್ವಾಮಿ ಫೇಲಾಗಿರಲಿಲ್ಲ. ದೇವನೂರಿನ ಶಾಲೆಯಲ್ಲಿ ಒಂದು ದಿನ ಲೆಕ್ಕದ ಮೇಷ್ಟ್ರು, ಮಧ್ಯದ ಹಂತ ಬರೆಯದೆ ನೇರವಾಗಿ ಉತ್ತರ ಬರೆದನೆಂದು, ಯಾರದನ್ನು ನೋಡಿ ಬರೆದೆ ಎಂದು ಬೈದು, ಅವನ ಪುಸ್ತಕವನ್ನು ಕಿಟಕಿಯಿಂದ ಆಚೆ ಎಸೆದಿದ್ದರು. ಉತ್ತರ ಸರಿಯಿತ್ತು. ಪುಸ್ತಕ ಹೆಕ್ಕಿಕೊಂಡು ಬರಲು ಹೋದ ಹುಡುಗ ಅದನ್ನು ಹೆಕ್ಕಿಕೊಂಡ, ಮಣ್ಣು ಕೊಡವಿದ, ಒಳಕ್ಕೆ ಬರಲಿಲ್ಲ. ಆವತ್ತಿನಿಂದ ಇವತ್ತಿನವರೆಗೂ ಬಂದಿಲ್ಲ. ಇದಕ್ಕೆ ಫೇಲು ಅನ್ನುತ್ತಾರೆಯೇ?

ಅವನು ಇಲ್ಲಿಗೆ ತಾನಾಗಿ ಬಂದವನೂ ಅಲ್ಲ. ಊರಾಚೆಯ ಇಂಡಸ್ಟ್ರಿಯಲ್ ಏರಿಯಾದಲ್ಲಿ ಪಂಪುಗಳಿಗೆ ಬುಶ್ಶು, ಅಂದರೆ ನಡುವೆ ತೂತಿರುವ ಉಕ್ಕಿನ ಬಳೆ, ಮಾಡುವ ಕಾರ್ಖಾನೆಯಲ್ಲಿ ಅವನ ಕೆಲಸ. ಅಲ್ಲಿ ಕಂಪ್ಯೂಟರಿನಿಂದ ನಡೆಯುವ ಲೇತುಗಳು ನಾಲ್ಕು ಬಂದಿದ್ದವು, ಆ ವರ್ಷ, ಅಂದರೆ ಎರಡು ಸಾವಿರದ ಮೂರರಲ್ಲಿ, ಇನ್ನೂ ನಾಲ್ಕು ಬರುವುದಿತ್ತು. ಅವಕ್ಕೆ ಪ್ರೋಗ್ರಾಮು ಬರೆಯುವವರು ಬೇಕು. ಮಿಷನ್ ಗೊತ್ತಿದ್ದವರು ಸ್ಕ್ರೀನು ಕಂಡರೆ ಹಾವು ಕಂಡ ಹಾಗೆ ಹಿಂದೆ ಸರಿಯುತ್ತಿದ್ದರು. ಸ್ಕ್ರೀನು ಗೊತ್ತಿದ್ದವರು ಮಿಷನ್ನನ್ನೇ ಕಂಡಿರಲಿಲ್ಲ. ಎರಡೂ ಗೊತ್ತಿದ್ದವನು ಇಡೀ ಕಾರ್ಖಾನೆಯಲ್ಲಿ ಒಬ್ಬ ಮಂಟೇಸ್ವಾಮಿ. ಮಿಷನ್ನಿನ ಜೊತೆ ಬಂದಿದ್ದ ದಪ್ಪ ಪುಸ್ತಕವನ್ನು ಡಿಕ್ಷನರಿ ಪಕ್ಕಕ್ಕಿಟ್ಟುಕೊಂಡು ಎಂಟು ತಿಂಗಳು ಓದಿ ಕಲಿತವನು. ಅದಕ್ಕೇ ಕೆಲಸಕ್ಕೆ ಮಕ್ಕಳನ್ನು ಆರಿಸಲು ಕಾಲೇಜಿಗೆ ಬಂದ ಪ್ರೊಡಕ್ಷನ್ ಮ್ಯಾನೇಜರ್ ಮಹಾದೇವಸ್ವಾಮಿ ಅವನನ್ನು ಜೊತೆಗೆ ಕರೆತಂದು, ಎರಡು ಮಾತಾಡು ಎಂದು ವೇದಿಕೆಗೆ ಹತ್ತಿಸಿದ್ದು.

ಮಂಟೇಸ್ವಾಮಿ ಕೈ ಹಿಂದಕ್ಕೆ ತೆಗೆದುಕೊಂಡ. ಮೈಕಿಲ್ಲದೆಯೇ ಕೊನೆಯ ಬೆಂಚಿಗೆ ಕೇಳುವಂತೆ ಹೇಳಿದ.

“ಸಾ, ನಾನು ಫೇಲಾಗಿಲ್ಲ. ಬಿಟ್ಟೆ. ಮೊದ್ಲು ಅದ ಸರಿಯಾಗಿ ತಿಳ್ಕಳಿ. ಇನ್ನೊಂದ್ ಮಾತು. ಆರ್ ಜನ ಕೊಡಿ, ಆರ್ ವಾರ ಕೊಡಿ. ನಮ್ಮ ಮಿಷನ್ ಮ್ಯಾಲೆ, ಅವ್ರೇ ಬರ್ದಿರೋ ಪ್ರೋಗ್ರಾಮಲ್ಲಿ, ಒಬ್ಬೊಬ್ರು ಒಂದೊಂದ್ ಬುಶ್ ಮಾಡ್ಲಿ. ಆರ್ರಲ್ಲಿ ನಾಕು ಪಾಸಾಗ್ನಿಲ್ಲ ಅಂದ್ರೆ, ಈ ಗ್ರೀಸ್ ಕೈಲಿ ಇನ್ನ್ಯಾವತ್ತೂ ಮಿಷನ್ ಮುಟ್ಟಕಿಲ್ಲ.”

ನಗು ನಿಂತಿತು. ಅಮೃತೇಶ್ ಹುಬ್ಬೇರಿಸಿ, “ಆಗಲಿ. ಅರವತ್ತು ಜನ ಸಾಕ್ಷಿ ಇದ್ದಾರೆ” ಎಂದ. ಅದನ್ನೂ ಮೈಕಿನಲ್ಲೇ.

ಹೊರಗೆ ಜೀಪಿನ ಹತ್ತಿರ ಮಹಾದೇವಸ್ವಾಮಿ ಬಾಯಿ ಬಿಟ್ಟರು. ಬಿಟ್ಟವರು ನಿಲ್ಲಿಸಲಿಲ್ಲ.

“ನಿನ್ ಬಾಯ್ಗೆ ಬೀಗ ಆಕ್ಬೇಕು ಕಣ್ಲಾ. ಯಾರ್ನ ಕೇಳಿ ಆಡ್ದೆ ಆ ಮಾತ? ಮಾಲೀಕ್ರು ಮೈಸೂರಿನ ದೊಡ್ಡ ಕಾಲೇಜ್ನೋರ್ನೇ ತಕ್ಕಳಿ ಅಂತಾವ್ರೆ. ಊರ್ ಮಕ್ಳಿಗೆ ಸಿಗ್ಲಿ ಅಂತ ಹಟ ಹಿಡ್ದು ನಾನ್ ಇಲ್ಲಿಗ್ ಬಂದ್ರೆ, ನೀನು ಕೈಯೇ ಕಡ್ಕೊಡ್ತೀನಿ ಅಂತೀಯ. ಆರ್ರಲ್ಲಿ ನಾಕು ಬರ್ನಿಲ್ಲ ಅಂದ್ರೆ ಈ ಕಾಲೇಜ್ಗೂ ಬಾಗ್ಲು ಮುಚ್ತು, ನಿನ್ಗೂ ಮುಚ್ತು. ಗೊತ್ತಾ?”

“ಗೊತ್ತು ಸಾ.”

“ಗೊತ್ತಿದ್ದೂ ಆಡ್ದಾ?”

“ಊ ಸಾ.”

ಮಹಾದೇವಸ್ವಾಮಿ ತಲೆ ಚಚ್ಚಿಕೊಂಡು ಜೀಪು ಹತ್ತಿದರು.

ಅಮೃತೇಶ್ ಆರು ಜನರನ್ನು ಕೊಟ್ಟ. ಕೊಟ್ಟದ್ದನ್ನು ನೋಡಿದರೆ ಅವನ ಬುದ್ಧಿ ತಿಳಿಯುತ್ತಿತ್ತು. ಮೊದಲ ಇಪ್ಪತ್ತು ಸ್ಥಾನದ ಒಬ್ಬರನ್ನೂ ಕೊಡಲಿಲ್ಲ. ಹಿಂದಿನ ಸೆಮಿಸ್ಟರಿನ ಪೇಪರು ಉಳಿಸಿಕೊಂಡವರು, ಹಾಜರಾತಿ ಕಮ್ಮಿ ಇದ್ದವರು, ಪ್ರಶ್ನೆ ಕೇಳಿ ಬೈಸಿಕೊಂಡವರು. ಅವರಲ್ಲಿ ಬಿಳಿಗೆರೆಯ ಗಾನವಿ ಒಬ್ಬಳು. ಮಾತು ಕಮ್ಮಿ, ಕಣ್ಣು ಚುರುಕು, ಕೊನೆಯ ಬಸ್ಸು ತಪ್ಪುತ್ತದೆಂದು ಲ್ಯಾಬು ಬಿಟ್ಟು ಓಡುವವಳು, ಅದಕ್ಕೇ ಲ್ಯಾಬಿನಲ್ಲಿ ಮಾರ್ಕಿಲ್ಲ. ನರಸೀಪುರದ ಮಲ್ಲಿಕಾರ್ಜುನ್ ಇನ್ನೊಬ್ಬ. ಬೆರಳು ಕೀಬೋರ್ಡಿನ ಮೇಲೆ ಕುಣಿಯುತ್ತಿದ್ದವು, ತಲೆ ಹಿಂದಿನಿಂದ ಬರುತ್ತಿತ್ತು. ಬನ್ನೂರಿನ ಶಾಲಿನಿ ಎಲ್ಲಕ್ಕೂ ನಗುವವಳು. ಉಳಿದ ಮೂವರು ಹುಡುಗರು ಎಲ್ಲಿಗೆ ಹೋದರೂ ಒಟ್ಟಿಗೇ ಹೋಗಿ, ಒಟ್ಟಿಗೇ ತಡವಾಗಿ ಬರುವವರು.

ತೊಂದರೆ ಏನೆಂದರೆ ಕಲಿಸಲು ಮಿಷನ್ ಇರಲಿಲ್ಲ. ಕಾರ್ಖಾನೆಯ ಲೇತುಗಳು ಮೂರು ಪಾಳಿಯಲ್ಲೂ ಓಡುತ್ತಿದ್ದವು. ಟ್ರಯಲ್ಲಿನ ದಿನ ಬಿಟ್ಟು ಅವನ್ನು ಮುಟ್ಟುವ ಹಾಗಿಲ್ಲವೆಂದು ಮಾಲೀಕರ ಅಪ್ಪಣೆ. ಕಾಲೇಜಿನಲ್ಲಿದ್ದದ್ದು ಬರೀ ಕಂಪ್ಯೂಟರು. ಮೊದಲ ವಾರ ಮಕ್ಕಳು ಅದರ ಮುಂದೆ ಕೂತು ಪ್ರೋಗ್ರಾಮು ಬರೆದರು. ಸ್ಕ್ರೀನಿನ ಮೇಲೆ ಹಸಿರು ಗೆರೆಯ ಟೂಲು ಹಸಿರು ಗೆರೆಯ ತುಂಡನ್ನು ಬೆಣ್ಣೆಯಂತೆ ಕೊರೆಯಿತು. ಮಲ್ಲಿಕಾರ್ಜುನ್ ಕುರ್ಚಿಗೆ ಒರಗಿ, “ಇಷ್ಟೇನಾ ಸಾ?” ಎಂದ.

ಮಂಟೇಸ್ವಾಮಿ ಆ ಪ್ರೋಗ್ರಾಮು ನೋಡಿದ. ಬಾಯಿಗೆ ಬಂದದ್ದನ್ನು ನುಂಗಿಕೊಂಡ.

“ಇಷ್ಟೇ. ಭಾನ್ವಾರ ಬೆಳಗ್ಗೆ ಎಂಟಕ್ಕೆ ನರಸೀಪುರದ ಬಸ್ ಸ್ಟ್ಯಾಂಡಿಗೆ ಬನ್ನಿ. ಬರೋವಾಗ ಬರ್ದಿರೋದ್ನ ಕಾಗದದಲ್ಲಿ ಇಳ್ಸ್ಕಂಡ್ ಬನ್ನಿ.”

ಟಿ. ನರಸೀಪುರದಲ್ಲಿ ಅವನ ಗುರು ಇದ್ದ. ಸಿದ್ದಮಲ್ಲಪ್ಪ. ಶಾಲೆ ಬಿಟ್ಟ ಹುಡುಗನನ್ನು ಬೈದು, ಗದರಿ, ತನ್ನ ಮನೆಯ ಮುದ್ದೆ ತಿನ್ನಿಸಿ ಕೆಲಸ ಕಲಿಸಿದ ಮುದುಕ. ಬಸ್ ಸ್ಟ್ಯಾಂಡಿನ ಹಿಂದೆ ತಗಡಿನ ಮಾಡಿನ ವರ್ಕ್‌ಶಾಪು, ಒಳಗೆ ಒಂದೇ ಒಂದು ಕೈಲೇತು. ಕಬ್ಬಿನ ಗಾಣದ ಅಚ್ಚು, ಟ್ರ್ಯಾಕ್ಟರಿನ ಪಿನ್ನು, ಸುತ್ತಮುತ್ತ ಕಿತ್ತುಹೋದದ್ದೆಲ್ಲ ಅಲ್ಲಿಗೇ ಬರಬೇಕು. ಭಾನುವಾರ ರಜ.

ಆವತ್ತು ಮಂಟೇಸ್ವಾಮಿ ಸಂತೆಮಾಳದಿಂದ ಒಂದು ಹೊರೆ ಬಾಳೆದಿಂಡು ಹೊತ್ತು ತಂದಿದ್ದ.

“ಪಲ್ಯ ಮಾಡಾಕಾ ಸಾ?” ಎಂದಳು ಶಾಲಿನಿ.

“ಇರು, ನಿಮ್ದೇ ಪಲ್ಯ ಮಾಡ್ತೀನಿ.”

ಉಕ್ಕಿನ ತುಂಡು ಹಿಡಿಯಬೇಕಾದ ಕಡೆ ಅವನು ಬಾಳೆದಿಂಡು ಹಿಡಿಸಿದ. ಲೇತಿನಲ್ಲಿ ತುಂಡನ್ನು ಹಿಡಿದು ಗರಗರ ತಿರುಗುವ ಮೂರು ಹಲ್ಲಿನ ಆ ಭಾಗಕ್ಕೆ ಚಕ್ಕು ಎನ್ನುತ್ತಾರೆ. ಸಿದ್ದಮಲ್ಲಪ್ಪ ಅದನ್ನು ಬಾಯಿ ಎನ್ನುತ್ತಿದ್ದ. ಲೇತು ಚಾಲೂ ಆಯಿತು.

“ಈಗ ಕೇಳಿ. ಒಬ್ರು ಪ್ರೋಗ್ರಾಮ್ ಓದ್ಬೇಕು, ಗಟ್ಟಿಯಾಗಿ, ಒಂದೊಂದೇ ಸಾಲು. ಬರ್ದೋರು ಟೂಲು ಓಡ್ಸೋ ಈ ಚಕ್ರ ತಿರುಗ್ಸ್ಬೇಕು. ಓದಿದ್ದಷ್ಟೇ ಮಾಡ್ಬೇಕು. ಸ್ವಂತ ಬುದ್ಧಿ ಉಪಯೋಗ್ಸಂಗಿಲ್ಲ. ಮಿಷನ್ಗೆ ಬುದ್ಧಿ ಇಲ್ಲ, ನಿಮ್ಗೂ ಇವತ್ತು ಇಲ್ಲ.”

ಗಾನವಿ ಓದಿದಳು. ಮಲ್ಲಿಕಾರ್ಜುನ್ ತಿರುಗಿಸಿದ. ಮೊದಲ ಸಾಲು, ಎರಡನೇ ಸಾಲು. ಬಾಳೆದಿಂಡು ನೀರು ಚಿಮ್ಮಿಸುತ್ತಾ ಸುರುಳಿ ಸುರುಳಿಯಾಗಿ ಬಿಚ್ಚಿತು, ಎಲ್ಲರೂ ಹೋ ಎಂದರು. ಮೂರನೇ ಸಾಲಿಗೆ ಟೂಲು ದಿಂಡನ್ನು ದಾಟಿ ಚಕ್ಕಿನತ್ತ ನುಗ್ಗಿತು. ಮಲ್ಲಿಕಾರ್ಜುನನಿಗೆ ಕಾಣುತ್ತಿದೆ, ಕೈ ನಿಲ್ಲಿಸುವ ಹಾಗಿಲ್ಲ.

“ನಿಲ್ಲುಸ್ಲಾ ಮುಂಡೇದೇ! ನನ್ ಬಾಯಿ ಒಡ್ದಾಕ್ತೀಯ!” ಎಂದು ಸಿದ್ದಮಲ್ಲಪ್ಪ ಎಗರಿ ಸ್ವಿಚ್ಚು ಆರಿಸಿದ. ಹಲ್ಲಿಗೂ ಟೂಲಿಗೂ ನಡುವೆ ಒಂದು ಅಕ್ಕಿಕಾಳು ಹಿಡಿಸುವಷ್ಟು ಜಾಗ ಉಳಿದಿತ್ತು. ಬಾಳೆನಾರು ಮಲ್ಲಿಕಾರ್ಜುನನ ಕನ್ನಡಕದ ಮೇಲೆ ಜೋತಾಡುತ್ತಿತ್ತು.

“ಸೊನ್ನೆ ಎಲ್ಲಿಟ್ಟಿದ್ದೆ?” ಎಂದ ಮಂಟೇಸ್ವಾಮಿ.

“ಮೂಲೇಲಿ ಸಾ. ಸ್ಕ್ರೀನಲ್ಲಿ ಸೊನ್ನೆ ಮೂಲೇಲೇ ಇರ್ತದೆ.”

“ಸ್ಕ್ರೀನಲ್ಲಿ ಯಾರೋ ಇಟ್ಕೊಟ್ಟವ್ರೆ. ಇಲ್ಲಿ ಸೊನ್ನೆ ನೀನೇ ಇಡ್ಬೇಕು. ತುಂಡಿನ ಮುಖ ಮುಟ್ಟಿ, ಇಲ್ಲಿಂದ ಶುರು ಅಂತ ನೀನೇ ಹೇಳ್ಬೇಕು. ಹೇಳ್ನಿಲ್ಲ ಅಂದ್ರೆ ಅದು ಗ್ವಾಡೆಗೂ ನುಗ್ತದೆ, ನಿನ್ ಎದೆಗೂ ನುಗ್ತದೆ.”

ಇದನ್ನು ಯಾವ ಪುಸ್ತಕದಲ್ಲಿ ಎಷ್ಟು ಸಲ ಓದಿದ್ದರೂ ಮಲ್ಲಿಕಾರ್ಜುನನಿಗೆ ಹತ್ತುತ್ತಿರಲಿಲ್ಲ. ಕನ್ನಡಕ ಒರೆಸಿಕೊಳ್ಳುತ್ತಾ, ತಲೆಯಾಡಿಸುತ್ತಾ ನಿಂತ. ಅವತ್ತು ಹೊತ್ತು ನೆತ್ತಿಗೇರುವಷ್ಟರಲ್ಲಿ ಹನ್ನೊಂದು ದಿಂಡು ಖಾಲಿಯಾದವು.

ಮಧ್ಯಾಹ್ನ ಸಿದ್ದಮಲ್ಲಪ್ಪ ತನ್ನ ಪಾಠ ತೆಗೆದ. ನುಣುಪಾದ ಕಬ್ಬಿಣದ ಹಲಗೆ ಇಟ್ಟು, ಗಾನವಿಯ ಜಡೆಯಿಂದ ಒಂದೇ ಒಂದು ಕೂದಲು ಕೇಳಿ ತೆಗೆದುಕೊಂಡು ಅದರ ಮೇಲೆ ಮಲಗಿಸಿ, ಮೇಲೆ ಕಾಗದ ಹಾಸಿದ. ಕಣ್ಣು ಮುಚ್ಚಿ ಬೆರಳಾಡಿಸಿ ಕೂದಲು ಎಲ್ಲಿದೆ ಹೇಳಬೇಕು.

“ಒಂದ್ ಕೂದ್ಲು ಅಂದ್ರೆ ಎಪ್ಪತ್ತು ಮೈಕ್ರಾನು ಕಣ್ರವ್ವಾ. ನಿಮ್ ಬುಶ್ಗೆ ಇಪ್ಪತ್ತೇ ಲೆಕ್ಕ. ಕಣ್ ನಂಬ್ಬ್ಯಾಡಿ. ಬೆರಳ್ ನಂಬಿ.”

ಮೊದಲ ವಾರ ಗಾನವಿಯೊಬ್ಬಳೇ ಹೇಳಿದಳು. ಮೂರನೇ ವಾರಕ್ಕೆ ಆರೂ ಜನ ಹೇಳಿದರು. ಆಗ ಮುದುಕ ಕೂದಲು ತೆಗೆದು ಈರುಳ್ಳಿಯ ಒಳಪೊರೆ ಇಟ್ಟ.

ಅವನದೊಂದು ಪದ್ಧತಿ ಇತ್ತು. ಬಾಗಿಲು ತೆಗೆದ ಕೂಡಲೇ ಸ್ನಾನದ ಒದ್ದೆ ಆರದ ಹಣೆಯಲ್ಲಿ ವಿಭೂತಿ ಧರಿಸಿ ಬಂದು, ಲೇತಿನ ಬೆನ್ನಿಗೆ ಮೂರು ಬೆರಳಿನಲ್ಲಿ ಮೂರು ಗೆರೆ ಎಳೆಯುತ್ತಿದ್ದ. ಆಮೇಲೆ ಕೈ ತೊಳೆದು, ಶುಭ್ರವಾದ ಬಟ್ಟೆಯಿಂದ ಚಕ್ಕಿನ ಮೂರು ಹಲ್ಲನ್ನೂ ಮಗುವಿನ ಹಲ್ಲು ತಿಕ್ಕಿದ ಹಾಗೆ ಒರೆಸುತ್ತಿದ್ದ. ಮಲ್ಲಿಕಾರ್ಜುನ್ ಒಮ್ಮೆ ಕೇಳಿದ.

“ಅಲ್ಲಿಗೂ ಹಚ್ಚಬೋದಲ್ಲ ತಾತಾ?”

“ಪೂಜೆ ಮೈಗೆ ಕಣ್ ಮಗಾ, ಬಾಯ್ಗಲ್ಲ. ಬಾಯೊಳಗೆ ದೂಳೂ ಒಂದೇ, ವಿಭೂತಿನೂ ಒಂದೇ.”

ಬಾಳೆದಿಂಡಿನ ಸುದ್ದಿ ಕಾಲೇಜಿಗೆ ಹೋಗದೆ ಇರುತ್ತದೆಯೇ? ಸೋಮವಾರಕ್ಕೆಲ್ಲ ಸ್ಟಾಫ್ ರೂಮಿನಲ್ಲಿ ಅಮೃತೇಶ್ ಹೊಸ ಹೆಸರಿಟ್ಟಿದ್ದ: ಬಾಳೆದಿಂಡಿನ ಇಂಜಿನಿಯರುಗಳು. ಕಾರಿಡಾರಿನಲ್ಲಿ ಅದು ‘ದಿಂಡು ಬ್ಯಾಚ್’ ಆಯಿತು. ನಾಲ್ಕನೇ ವಾರ ಶಾಲಿನಿ ನಗುವುದನ್ನು ಬಿಟ್ಟು, “ಸಾ, ಊಟದ ಡಬ್ಬೀಲಿ ದಿಂಡಿನ ಪಲ್ಯ ತಂದಿಡ್ತಾರೆ ಸಾ ನಮ್ಮ ಬೆಂಚ್ ಮೇಲೆ” ಎಂದಳು. ಕಣ್ಣು ತುಂಬಿತ್ತು.

ಮಂಟೇಸ್ವಾಮಿಯ ಕಿವಿ ಕೆಂಪಾಯಿತು. ಅವನಿಗೆ ಆ ಕಾರಿಡಾರಿಗೆ ಹೋಗಿ ಒಬ್ಬೊಬ್ಬರ ಕಾಲರು ಹಿಡಿಯಬೇಕೆನಿಸಿತು. ಹಿಡಿದರೆ ಇದೂ ಮುಗಿಯಿತು. ಪಕ್ಕದಲ್ಲಿದ್ದ ದಿಂಡನ್ನು ಎತ್ತಿ ಲೇತಿಗೆ ಹಿಡಿಸಿದ.

“ಉಪ್ಪು ಸರಿಗಿತ್ತಾ?”

“ಏನ್ ಸಾ?”

“ಪಲ್ಯಕ್ಕೆ.”

ಅವಳು ಅಳುತ್ತಲೇ ನಕ್ಕಳು. “ತಿನ್ನಲಿಲ್ಲ ಸಾ.”

“ತಿನ್ಬೇಕಾಗಿತ್ತು. ಓದು, ಐದ್ನೇ ಸಾಲಿಂದ.”

ಟ್ರಯಲ್ಲಿನ ದಿನ ಬಂತು. ಕಾರ್ಖಾನೆಯ ಎರಡನೇ ನಂಬರಿನ ಲೇತನ್ನು ಖಾಲಿ ಮಾಡಿಸಿದ್ದರು. ಸುತ್ತ ನೆಲದ ಮೇಲೆ ಹಳದಿ ಗೆರೆ. ಮಹಾದೇವಸ್ವಾಮಿ ಎಲ್ಲರ ಮುಂದೆ ನಿಯಮ ಹೇಳಿದರು. ತುಂಡಿನ ಹೊರಮೈ ಆಗಲೇ ತಿರುಗಿಸಿ ನುಣುಪು ಮಾಡಿದೆ. ಅದನ್ನು ಚಕ್ಕಿಗೆ ಹಿಡಿಸಿ, ತಾವು ಬರೆದ ಪ್ರೋಗ್ರಾಮಿನಿಂದ ಒಳಗೆ ತೂತು ಕೊರೆಯಬೇಕು. ತೂತು ಸರಿಯಾಗಿ ನಡುವೆ ಕೂತಿರಬೇಕು. ಇಪ್ಪತ್ತು ಮೈಕ್ರಾನಿಗಿಂತ ಹೆಚ್ಚು ಒಂದು ಕಡೆಗೆ ವಾಲಿದರೆ ಕೆಂಪು ಪೇಂಟು, ಅಂದರೆ ರಿಜೆಕ್ಟು. ಒಬ್ಬರಿಗೆ ಒಂದೇ ತುಂಡು.

“ಮಂಟೇಸ್ವಾಮಿ, ನೀನು ಗೆರೆಯಿಂದ ಆಚೆ. ಒಳಕ್ಕೆ ಕಾಲಿಟ್ರೆ, ಬಾಯ್ ಬಿಟ್ರೆ, ಸನ್ನೆ ಮಾಡಿದ್ರೆ, ಟ್ರಯಲ್ ಕ್ಯಾನ್ಸಲ್ಲು.”

ಅಮೃತೇಶ್ ಬೆಳಗಿನ ಜಾವವೇ ಶ್ರೀಕಂಠೇಶ್ವರನ ದರ್ಶನ ಮಾಡಿ, ತಟ್ಟೆಯಲ್ಲಿ ಹೂವು, ವಿಭೂತಿ, ಕರ್ಪೂರ ಹಿಡಿದುಕೊಂಡು ಬಂದಿದ್ದ. ಏನೇ ಆಗಲಿ ಅವನ ವಿಭಾಗದ ಹೆಸರು. ಮಕ್ಕಳು ಸೋಲಲಿ ಎಂದು ಅವನೇನೂ ಹರಕೆ ಹೊತ್ತಿರಲಿಲ್ಲ. ಗೆದ್ದರೆ ದೇವರಿಂದ ಗೆಲ್ಲಲಿ, ಈ ಗ್ರೀಸ್ ಕೈಯಿಂದ ಬೇಡ ಎಂಬುದಷ್ಟೇ ಅವನ ಆಸೆ. ಮಂಟೇಸ್ವಾಮಿ ತುಂಡುಗಳನ್ನು ತರಲು ಸ್ಟೋರಿಗೆ ಹೋಗಿದ್ದಾಗ ಪೂಜೆ ಮುಗಿದಿತ್ತು. ಬಂದು ನೋಡಿದರೆ ಲೇತಿನ ಬಾಗಿಲ ಮೇಲೆ ದಪ್ಪ ದಪ್ಪ ಮೂರು ಗೆರೆ, ನಡುವೆ ಕುಂಕುಮ, ಮೇಲೊಂದು ಸೇವಂತಿಗೆ. ಚೆನ್ನಾಗೇ ಇತ್ತು.

ಮೊದಲು ಮಲ್ಲಿಕಾರ್ಜುನ್. ಸೊನ್ನೆ ಇಡುವಾಗ ಮೂರು ಸಲ ಮುಟ್ಟಿ ನೋಡಿದ. ತುಂಡಿನ ಮೇಲೆ ಒಂದು ಗುರುತು ಗೀಚಿ, ಅದು ಒಂದನೇ ಹಲ್ಲಿಗೆ ಬರುವಂತೆ ಕೂರಿಸಿದ; ಸಿದ್ದಮಲ್ಲಪ್ಪ ಹೊಡೆದು ಕಲಿಸಿದ್ದು. ಬಾಗಿಲು ಮುಚ್ಚಿತು, ಲೇತು ತಿರುಗಿತು, ನಾಲ್ಕು ನಿಮಿಷಕ್ಕೆ ಬುಶ್ಶು ಹೊಳೆಯುತ್ತಾ ಹೊರಬಂತು. ಇನ್‌ಸ್ಪೆಕ್ಟರು ಅದನ್ನು ಗೇಜಿನ ಕೆಳಗಿಟ್ಟು ತಿರುಗಿಸಿದ. ಮುಳ್ಳು ಓಡಿತು.

“ಅರವತ್ತು.”

ಕೆಂಪು ಪೇಂಟು.

ಮಲ್ಲಿಕಾರ್ಜುನ್ ನಂಬಲಿಲ್ಲ. ತನ್ನ ಕಾಗದ ತೆಗೆದು ಸಾಲು ಸಾಲೂ ಬೆರಳಿಟ್ಟು ಓದಿಕೊಂಡ. ಒಂದೂ ತಪ್ಪಿರಲಿಲ್ಲ.

ಎರಡನೆಯವಳು ಶಾಲಿನಿ. ನಗಲಿಲ್ಲ. ಇನ್ನೂ ಜೋಪಾನ ಮಾಡಿದಳು. ಗೇಜಿನ ಮುಳ್ಳು ಮತ್ತೆ ಓಡಿತು.

“ಐವತ್ತೈದು.”

ಕೆಂಪು.

ಹಳದಿ ಗೆರೆಯಾಚೆ ಮಂಟೇಸ್ವಾಮಿ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಇನ್ನು ನಾಲ್ಕು ಉಳಿದಿವೆ, ನಾಲ್ಕೂ ಬರಬೇಕು. ಪಕ್ಕದ ಮಿಷನ್ನುಗಳ ಆಪರೇಟರುಗಳು ಒಬ್ಬೊಬ್ಬರೇ ಕತ್ತು ತಿರುಗಿಸಿ ನೋಡತೊಡಗಿದ್ದರು. ಅರವತ್ತು, ಐವತ್ತೈದು. ಎರಡು ಬೇರೆ ಬೇರೆ ಪ್ರೋಗ್ರಾಮು, ತಪ್ಪು ಮಾತ್ರ ಒಂದೇ ಜಾತಿಯದು. ಅವನಿಗೆ ಹೊಳೆಯಿತು. ಹೊಳೆದದ್ದನ್ನು ಹಲ್ಲು ಕಚ್ಚಿ ಒಳಗೇ ಹಿಡಿದುಕೊಂಡ. ಕೈಯನ್ನು ಕಂಕುಳಲ್ಲಿ ಒತ್ತಿಕೊಂಡ, ಎಲ್ಲಿ ತಾನಾಗೇ ಸನ್ನೆ ಮಾಡಿಬಿಡುತ್ತದೋ ಎಂದು.

ಮೂರನೆಯವಳು ಗಾನವಿ. ಅವಳು ಮಿಷನ್ನಿನ ಹತ್ತಿರ ಹೋಗಲೇ ಇಲ್ಲ. ಇನ್‌ಸ್ಪೆಕ್ಟರಿನ ಮೇಜಿಗೆ ಹೋದಳು.

“ಸಾ, ಆ ಎರಡು ತುಂಡು ಸ್ವಲ್ಪ ಕೊಡ್ತೀರಾ?”

“ರಿಜೆಕ್ಟು ತಕ್ಕಂಡ್ ಏನ್ ಮಾಡ್ತೀಯವ್ವಾ?”

“ನೋಡ್ಬೇಕು ಸಾ.”

ಅಮೃತೇಶ್ ತಡೆಯಲಾರದೆ ಗೆರೆಯ ಅಂಚಿಗೆ ಬಂದ. “ಟೈಮ್ ವೇಸ್ಟ್ ಮಾಡಬೇಡ ಗಾನವಿ. ಪ್ರೋಗ್ರಾಮಲ್ಲಿ ಒಂದು ಮೂವತ್ತು ಮೈಕ್ರಾನ್ ಆ ಕಡೆಗೆ ಅಡ್ಜಸ್ಟ್ ಮಾಡು, ಸರಿಹೋಗುತ್ತೆ.”

ಅವನಿಗೂ ಬಾಯಿ ಬಿಡುವ ಹಾಗಿಲ್ಲವೆಂದು ಯಾರೂ ಹೇಳಿರಲಿಲ್ಲ. ಮಂಟೇಸ್ವಾಮಿ ಕಂಕುಳಲ್ಲಿದ್ದ ಕೈಯನ್ನು ಇನ್ನೂ ಬಿಗಿಯಾಗಿ ಒತ್ತಿಕೊಂಡ. ನಂಬರು ಬದಲಾಯಿಸಿದರೆ ತೂತು ದೊಡ್ಡದಾಗುತ್ತದೆ ಅಷ್ಟೇ, ನಡುವೆ ಬರುವುದಿಲ್ಲ. ಇದು ಕೈಲೇತು ತಿರುಗಿಸಿದ ಎಂಥ ದಡ್ಡನಿಗೂ ಗೊತ್ತು. ಅವಳಿಗೆ ಗೊತ್ತೇ? ಆರು ಭಾನುವಾರ ಸಾಕಾಯಿತೇ? ಅವಳು ಹೂಂ ಸಾ ಎಂದು ಅಲ್ಲಿಗೆ ಹೋಗಿ ನಂಬರು ಒತ್ತಿದರೆ, ಅಲ್ಲಿಗೆ ಎಲ್ಲ ಮುಗಿಯಿತು.

ಗಾನವಿ ಎರಡೂ ತುಂಡನ್ನು ಅಕ್ಕಪಕ್ಕ ಹಿಡಿದು, ಗುರುತು ಮೇಲೆ ಮಾಡಿ, ತೂತಿನ ಅಂಚಿನ ಮೇಲೆ ಬೆರಳಾಡಿಸಿದಳು. ಕಣ್ಣು ಮುಚ್ಚಿಕೊಂಡಿದ್ದಳು.

“ಮಲ್ಲಿ, ನೀನು ಗುರ್ತು ಯಾವ ಹಲ್ಲಿಗೆ ಇಟ್ಟಿದ್ದೆ?”

“ಒಂದನೇದಕ್ಕೆ.”

“ಶಾಲಿನಿ?”

“ನಾನೂ ಅಲ್ಲೇ ಕಣೇ.”

“ಎರಡೂ ಗುರ್ತಿನ ಹತ್ರಾನೇ ತೆಳ್ಳಗಿದಾವೆ.” ಅವಳು ಕಣ್ಣು ತೆರೆದು ಅಮೃತೇಶನ ಕಡೆ ತಿರುಗಿದಳು. “ಪ್ರೋಗ್ರಾಮಿನದಲ್ಲ ಸಾ. ಇಬ್ರೂ ಬೇರೆ ಬೇರೆ ಬರ್ದವ್ರೆ. ಇಬ್ರದೂ ಒಂದೇ ಕಡೆ ವಾಲಿದೆ ಅಂದ್ರೆ, ಇಬ್ರಿಗೂ ಒಂದೇ ಆಗಿರೋದು ಬಾಯಿ.”

“ಬಾಯಾ? ಯಾರ ಬಾಯಿ?”

ಉತ್ತರ ಕೊಡದೆ ಅವಳು ಕೆಂಪು ಗುಂಡಿ ಒತ್ತಿ, ಮಿಷನ್ ಪೂರ್ತಿ ನಿಂತದ್ದನ್ನು ನೋಡಿಕೊಂಡು, ಬಾಗಿಲು ಸರಿಸಿದಳು. ತೋಳು ಮಡಚಿ ಚಕ್ಕಿನೊಳಕ್ಕೆ ಕೈ ಹಾಕಿದಳು. ಮೂರನೇ ಹಲ್ಲು. ಎರಡನೇ ಹಲ್ಲು. ಒಂದನೇ ಹಲ್ಲಿನ ಹತ್ತಿರ ಬೆರಳು ನಿಂತಿತು. ಹಿಂದಕ್ಕೆ ಬಂತು. ಮತ್ತೆ ಅದೇ ಜಾಗಕ್ಕೆ ಹೋಯಿತು. ಉಗುರಿನಿಂದ ಕೆರೆದು ಕೈ ಆಚೆ ತೆಗೆದಳು.

ಬೆರಳ ತುದಿ ಬೆಳ್ಳಗಿತ್ತು.

ಮೂಸಿ ನೋಡಿದಳು. ಆಮೇಲೆ ಬಾಗಿಲ ಮೇಲಿದ್ದ ಮೂರು ಗೆರೆ ನೋಡಿದಳು. ಯಾರೂ ಏನೂ ಹೇಳಬೇಕಾಗಿರಲಿಲ್ಲ. ಬಾಗಿಲಿಗೆ ಹಚ್ಚಿ ತೃಪ್ತಿಯಾಗದೆ, ಮಿಷನ್ನಿನ ಜೀವ ಇರುವುದು ಇಲ್ಲೇ ಇರಬೇಕೆಂದು, ಭಕ್ತಿಯಿಂದ ಒದ್ದೆ ವಿಭೂತಿಯ ಬೆರಳನ್ನು ಯಾರೋ ಒಳಕ್ಕೂ ಇಳಿಸಿದ್ದರು. ಕಣ್ಣಿಗೆ ಎದ್ದು ಕಾಣುತ್ತಿದ್ದ ಒಂದನೇ ಹಲ್ಲಿಗೆ. ಅದು ಒಣಗಿ, ಉಕ್ಕಿನ ಮೇಲೆ ಉಕ್ಕಿನ ಬಣ್ಣವೇ ಆಗಿ ಕೂತಿತ್ತು. ಕಣ್ಣಿಗೆ ಕಾಣದು. ಬೆರಳಿಗೆ ಮಾತ್ರ ಕಾಣುವುದು.

ಗಾನವಿ ಒಮ್ಮೆ ಮಂಟೇಸ್ವಾಮಿಯತ್ತ ನೋಡಿದಳು. ಅವನು ಶೆಡ್ಡಿನ ಮಾಡಿನ ಕಡೆ ಮುಖ ಮಾಡಿ ಮೊಳೆ ಎಣಿಸುವವನಂತೆ ನಿಂತಿದ್ದ.

“ವೇಸ್ಟ್ ಬಟ್ಟೆ ಕೊಡಿ. ಸ್ವಲ್ಪ ಡೀಸೆಲ್ಲೂ” ಎಂದಳು ಗಾನವಿ, ಹತ್ತು ವರ್ಷ ಆ ಕೆಲಸ ಮಾಡಿದವಳಂತೆ. ಮೂರು ಹಲ್ಲನ್ನೂ ಒರೆಸಿದಳು. ಬೆರಳಾಡಿಸಿದಳು. ಮತ್ತೆ ಒರೆಸಿದಳು. ಆಮೇಲೆ ತನ್ನ ತುಂಡು ಕೂರಿಸಿ, ಸೊನ್ನೆ ಇಟ್ಟು, ಹಸಿರು ಗುಂಡಿ ಒತ್ತಿದಳು.

ಆ ನಾಲ್ಕು ನಿಮಿಷ ಆ ಸಾಲಿನಲ್ಲಿ ಯಾವ ಆಪರೇಟರೂ ತನ್ನ ಮಿಷನ್ ನೋಡಲಿಲ್ಲ.

ಇನ್‌ಸ್ಪೆಕ್ಟರು ಬುಶ್ಶನ್ನು ಗೇಜಿನ ಕೆಳಗಿಟ್ಟು ಒಂದು ಸುತ್ತು ತಿರುಗಿಸಿದ. ಮುಳ್ಳು ಅಲುಗಿತೋ ಇಲ್ಲವೋ. ಅನುಮಾನವಾಗಿ ಇನ್ನೊಂದು ಸುತ್ತು ತಿರುಗಿಸಿದ.

“ಏಳು” ಎಂದ. ಆಮೇಲೆ ತನಗೇ ಹೇಳಿಕೊಳ್ಳುವಂತೆ, “ನಮ್ಮೋರೇ ಹತ್ತು ತೆಗೀತಾರೆ ಕಣ್ಲಾ.”

ಉಳಿದ ಮೂವರು ಹುಡುಗರು ಆವತ್ತು ಒಬ್ಬೊಬ್ಬರಾಗಿ ಹೋದರು. ಹೋದ ಮೂವರೂ ಮೊದಲು ಮಿಷನ್ನಿನ ಬಾಯೊಳಗೆ ಬೆರಳು ಹಾಕಿ, ಆಮೇಲೆ ಕೆಲಸ ಶುರು ಮಾಡಿದರು. ಹನ್ನೊಂದು. ಒಂಬತ್ತು. ಕೊನೆಯವನ ತುಂಡು ಗೇಜಿಗೆ ಹೋದಾಗ ಮಂಟೇಸ್ವಾಮಿಯ ಕಾಲು ಹಳದಿ ಗೆರೆಯ ಅಂಚಿಗೆ ಬಂದಿತ್ತು.

“ಹದಿನಾಲ್ಕು. ಪಾಸು.”

ಆರರಲ್ಲಿ ನಾಲ್ಕು.

ಯಾರು ಮೊದಲು ಶಿಳ್ಳೆ ಹಾಕಿದರೋ ಗೊತ್ತಿಲ್ಲ. ಮೂರನೇ ನಂಬರಿನ ಆಪರೇಟರು ಸ್ಪ್ಯಾನರಿನಿಂದ ಕಬ್ಬಿಣದ ಟ್ರೇ ಬಡಿದ, ನಾಲ್ಕನೇ ನಂಬರಿನವನು ಬಡಿದ, ಕಡೆಗೆ ಪ್ಯಾಕಿಂಗಿನ ಹೆಂಗಸರೂ ತಟ್ಟೆ ಬಡಿದುಕೊಂಡು ಬಂದರು. ಆ ಗಲಾಟೆಯಲ್ಲಿ ಮಹಾದೇವಸ್ವಾಮಿ ಕೈಯೆತ್ತಿ ಕೂಗಿದರು.

“ಏಯ್, ಇರ್ರಲಾ! ಇನ್ನೂ ಮುಗ್ದಿಲ್ಲ. ಮೊದಲ್ನೇ ಇಬ್ರು ಮಾಡಿದ್ದು ತಪ್ಪಲ್ಲ, ಮಿಷನ್ ತಪ್ಪು. ಅವ್ರಿಗೆ ಇನ್ನೊಂದೊಂದು ತುಂಡು ಕೊಡಿ.”

ಮಲ್ಲಿಕಾರ್ಜುನ್ ಎಂಟು ತೆಗೆದ. ಶಾಲಿನಿ ಆರು ತೆಗೆದಳು, ಎಲ್ಲರಿಗಿಂತ ಕಮ್ಮಿ. ಗೇಜು ನೋಡಿ ಇಡೀ ಶೆಡ್ಡಿಗೆ ಕೇಳುವಂತೆ ನಕ್ಕಳು. “ದಿಂಡು ಬ್ಯಾಚ್!” ಎಂದು ಕೂಗಿದ ಮಲ್ಲಿಕಾರ್ಜುನ್. ಆರೂ ಜನ ಕೂಗಿದರು. ಬೈಗುಳವಾಗಿ ಬಂದ ಹೆಸರು ಅವರ ಬಾಯಲ್ಲಿ ಬಾವುಟವಾಗಿತ್ತು.

“ಆರೂ ಜನ ಒಂದ್ನೇ ತಾರೀಕಿಂದ ಕೆಲ್ಸಕ್ಕೆ ಬನ್ನಿ” ಎಂದರು ಮಹಾದೇವಸ್ವಾಮಿ. “ಮುಂದಿನ್ ವರ್ಷನೂ ಇಲ್ಲಿಂದ್ಲೇ ತಕ್ಕತೀವಿ. ಮೈಸೂರ್ನೋರಿಗೆ ನಾನೇ ಫೋನ್ ಮಾಡಿ ಹೇಳ್ತೀನಿ.” ಆಮೇಲೆ ಹಳದಿ ಗೆರೆಯ ಕಡೆ ತಿರುಗಿ, “ಬಾರೋ ಒಳಕ್ಕೆ, ಇನ್ನೂ ಯಾಕಲ್ಲೇ ಬೇಲಿಗೂಟದಂಗೆ ನಿಂತಿದ್ದೀಯ?”

ಮಂಟೇಸ್ವಾಮಿ ಗೆರೆ ದಾಟಿದ. ಮಕ್ಕಳು ಮುತ್ತಿಕೊಂಡರು. ಯಾರೋ ಅವನ ಕೈ ಹಿಡಿದು ಕುಲುಕಿದರು, ಯಾರಿಗೂ ಗ್ರೀಸು ಅಡ್ಡ ಬರಲಿಲ್ಲ. ಗಾನವಿ ತನ್ನ ಬುಶ್ಶನ್ನು ಅವನ ಅಂಗೈಯಲ್ಲಿಟ್ಟಳು. ಅವನು ಹೆಬ್ಬೆರಳಿನಿಂದ ಒಳಗೆ ಒಂದು ಸುತ್ತು ಹಾಕಿ ನೋಡಿದ. ಏನೂ ತಡೆಯಲಿಲ್ಲ.

ಆಗ ಗುಂಪು ಸರಿದು ಅಮೃತೇಶ್ ಎದುರಿಗೆ ಬಂದ. ಹಣೆಯ ವಿಭೂತಿ ಬೆವರಿಗೆ ಕರಗಿ ಹುಬ್ಬಿಗಿಳಿದಿತ್ತು. ಆರು ವಾರದ ಹಿಂದೆ ಮೈಕು ಹಿಡಿದಿದ್ದ ಬಲಗೈಯ ಮೂರು ಬೆರಳು ಇನ್ನೂ ಬೆಳ್ಳಗೇ ಇದ್ದವು. ಅವನು ಆ ಬೆರಳುಗಳನ್ನು ನೋಡಿಕೊಂಡ, ಲೇತನ್ನು ನೋಡಿದ, ಮಕ್ಕಳನ್ನು ನೋಡಿದ. ಮಕ್ಕಳು, ಆಪರೇಟರುಗಳು, ಪ್ಯಾಕಿಂಗಿನ ಹೆಂಗಸರು, ಎಲ್ಲರ ಮುಂದೆ ಸಣ್ಣ ದನಿಯಲ್ಲಿ ಕೇಳಿದ.

“ನಾನು ಅಲ್ಲಿಗೆ ಹಚ್ಚಿದ್ದು ತಪ್ಪಾಯ್ತಾ, ಮಂಟೇಸ್ವಾಮಿಯವ್ರೇ?”

ಎಲ್ಲರೂ ಮಂಟೇಸ್ವಾಮಿಯ ಬಾಯಿ ನೋಡಿದರು.

ಆ ಬಾಯಲ್ಲಿ ಮಾತು ಇರಲಿಲ್ಲವೆಂದಲ್ಲ. ಆರು ವಾರ, ದೇವನೂರಿನಿಂದ ಕಾರ್ಖಾನೆಗೆ ಸೈಕಲ್ ತುಳಿಯುವ ಪ್ರತಿ ಬೆಳಿಗ್ಗೆ, ಇದೇ ಮುಖಕ್ಕೆ ಹೇಳಬೇಕೆಂದು ಮಸೆದು ಮಸೆದು ಇಟ್ಟುಕೊಂಡ ಮಾತು ಒಂದಲ್ಲ, ನೂರಿದ್ದವು. ಎಷ್ಟನೇ ಕ್ಲಾಸು ಓದಿದ್ದೀರಿ ಸಾ ನೀವು? ಆ ವಿಭೂತಿ ಕೈಯಲ್ಲಿ ಮಿಷನ್ ಮುಟ್ಟಬೇಡಿ ಸಾ. ಒಂದಕ್ಕಿಂತ ಒಂದು ಚೂಪು. ನಾಲಿಗೆಯ ತುದಿಗೆ ಬಂದು ಸಾಲಾಗಿ ನಿಂತಿದ್ದವು.

ಎರಡನೇ ನಂಬರಿನ ಪಕ್ಕದಲ್ಲಿ ಅವನದೇ ಲೇತು ಬೆಳಿಗ್ಗೆಯಿಂದ ಅರ್ಧ ಕೆಲಸ ಕಚ್ಚಿಕೊಂಡು ನಿಂತಿತ್ತು. ಪಾಳಿ ಮುಗಿಯಲು ಇನ್ನೂ ಎರಡು ಗಂಟೆ ಇತ್ತು.

ಮಂಟೇಸ್ವಾಮಿ ಬುಶ್ಶನ್ನು ಗಾನವಿಯ ಕೈಗೆ ಹಿಂದಿರುಗಿಸಿದ. ಹೆಗಲ ಮೇಲಿನ ವೇಸ್ಟ್ ಬಟ್ಟೆ ತೆಗೆದು ಕೈ ಒರೆಸಿಕೊಂಡ, ಒಂದೊಂದೇ ಬೆರಳು, ನಿಧಾನವಾಗಿ. ತಿರುಗಿ ನಡೆದ.

“ಮೈಗೆ ಹಚ್ಚಿ ಸಾ” ಎಂದು ಹಿಂದಿನಿಂದ ಗಾನವಿಯ ದನಿ ಕೇಳಿಸಿತು. “ಬಾಯ್ಗಲ್ಲ.”

ಅವನು ತಿರುಗಿ ನೋಡಲಿಲ್ಲ. ತನ್ನ ಮಿಷನ್ನಿನ ಬಾಗಿಲು ಸರಿಸಿ, ಒಳಗೆ ಬೆರಳಿಟ್ಟ.